ನೀರು ಕೊಡುವ ಕೆಲಸ

“ಏ ಪುಟ್ಟಮಾದಿ, ಕೊಡದ ಪಕ್ಕ ಕೂತ್ಕ ಅಂದ್ರೆ ಕೊಡಾನೇ ತಬ್ಕಂಡ್ ಕೂತ್ಕತೀಯಲ್ಲಮ್ಮಿ! ಅತ್ಲಾಗ್ ಸರಕ. ಇನ್ನೂ ಸರಕ. ಥೂ, ನಿನ್ ಜನ್ಮಕ್ಕೆ... ಆಂ, ಅಲ್ಲೇ.”

ಪಂಚಾಯ್ತಿ ಅಧ್ಯಕ್ಷೆಯ ಗಂಡ ಗಂಗಾಧರಸ್ವಾಮಿ ಬಿಳಿ ಪಂಚೆಯ ಅಂಚನ್ನು ಎತ್ತಿ ಹಿಡಿದುಕೊಂಡು ನಮ್ಮತ್ತೆಯನ್ನು ಕೂರಿಸುತ್ತಿದ್ದ. ಕೊಡಕ್ಕೂ ಅತ್ತೆಗೂ ನಡುವೆ ಒಂದು ಮಾರು ಜಾಗ ಇರಬೇಕು, ಆದರೆ ಫೋಟೋದಲ್ಲಿ ಎರಡೂ ಒಟ್ಟಿಗೆ ಬೀಳಬೇಕು. ಎರಡನ್ನೂ ಸಾಧಿಸುವುದು ಅಷ್ಟು ಸುಲಭವಲ್ಲ. ಅವನು ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ, ಮುಂದೆ ಬಂದು ನೋಡಿದ, ಕೊನೆಗೆ ಹುಣಸೆ ಮರದ ಬೇರಿನ ಮೇಲೆ ಅತ್ತೆಯನ್ನು ಕೂರಿಸಿ, ಒಂದು ಸ್ಟೀಲ್ ಚೊಂಬನ್ನು ನೆಲದ ಮೇಲಿಟ್ಟು ಕಾಲಿನಿಂದ ಅವಳತ್ತ ತಳ್ಳಿದ.

“ಅವ್ರು ಬಂದ್ ಓಗೋ ಗಂಟ ಈ ಚೊಂಬ ಕೈಲಿ ಇಡ್ಕಂಡಿರು. ನೀರ್ಗೆ ಅದ್ದಬ್ಯಾಡ. ನಮ್ಮವ್ವನ್ ಮದ್ವೇಲಿ ಬಂದಿದ್ ಕೊಡ ಅದು. ಅದ್ದುದ್ಯೋ, ಕೈ ಮುರುದ್ಬುಡ್ತೀನಿ.”

“ಇಲ್ಲ ಬುದ್ದೀ, ನಾ ಯಾಕ್ ಅದ್ಲಿ?” ಎಂದಳು ಅತ್ತೆ.

ಅತ್ತೆ ಎಂದರೆ ನನ್ನ ಗಂಡ ಸಿದ್ದುವಿನ ತಾಯಿ. ನಾನು ಕೋಮಲ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಪಾಸಾಗಿ ಲೆಕ್ಕದಲ್ಲಿ ಫೇಲಾದವಳು. ಸಿದ್ದು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟರನ ಕೈಕೆಳಗೆ ಮೂಟೆ ಹೊರುತ್ತಾನೆ, ಭಾನುವಾರ ಬಂದು ಸೋಮವಾರ ಕೋಳಿ ಕೂಗುವಾಗ ಹೊರಡುತ್ತಾನೆ. ನಮ್ಮೂರು ಬನ್ನೂರಿನಿಂದ ಸೋಮನಾಥಪುರಕ್ಕೆ ಹೋಗುವ ದಾರಿಯಿಂದ ಒಂದಿಷ್ಟು ಒಳಗಿದೆ. ಊರಿನವರು ಇರುವುದು ದೊಡ್ಡ ಬೀದಿಯಲ್ಲಿ. ನಾವಿರುವುದು ಕೇರಿಯಲ್ಲಿ. ಇದಕ್ಕಿಂತ ಹೆಚ್ಚು ವಿವರ ಈ ನಾಡಿನಲ್ಲಿ ಯಾರಿಗೂ ಬೇಕಾಗುವುದಿಲ್ಲ.

ಆವತ್ತು ನಮಗೆ ಸಿಕ್ಕಿದ್ದ ಕೆಲಸ, ಕೆಲಸ ಮಾಡುತ್ತಿರುವವರಂತೆ ಕಾಣುವುದು. ಡೆಲ್ಲಿ ಸರ್ಕಾರ ಹಳ್ಳಿಯವರಿಗೆ ವರ್ಷಕ್ಕೆ ನೂರು ದಿನ ಕೂಲಿ ಕೊಡುತ್ತದೆ, ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ ಎಂದು ರೇಡಿಯೋದಲ್ಲಿ ಹೇಳಿ ವರ್ಷದ ಮೇಲಾಗಿತ್ತು. ನಾವು ಕೇಳಿದೆವು. ಪಂಚಾಯ್ತಿ ಸೆಕ್ರೆಟರಿ “ಇಲ್ಲ” ಎನ್ನಲಿಲ್ಲ, ಕಾನೂನು ಬಲ್ಲವನು. “ಮೇಲಿಂದ ಬರ್ಬೇಕು” ಎಂದು ಸೂರಿನ ಕಡೆ ಬೆರಳು ತೋರಿಸಿದ. ಮೇಲಿನಿಂದ ಬಂದದ್ದು ಒಂದು ಹಳದಿ ಜೆಸಿಬಿ. ನಾವು ಬನ್ನೂರಿನ ಕಡೆ ಗದ್ದೆ ಕಳೆ ಕೀಳಲು ಹೋಗಿದ್ದ ಎರಡು ದಿನದಲ್ಲಿ ಅದು ಕೆರೆಗೆ ನೀರು ತರುವ ಕಾಲುವೆಯನ್ನು ಪೂರಾ ಅಗೆದು, ನಮ್ಮ ಚಲುವಮ್ಮ ಎರಡಕ್ಕೆ ಹೋಗುತ್ತಿದ್ದ ಪೊದೆಯನ್ನೂ ಬುಡಮೇಲು ಮಾಡಿ ಹೊರಟುಹೋಯಿತು. ಸರ್ಕಾರದ ಕಡತದಲ್ಲಿ ಆ ಕಾಲುವೆ ಅಗೆದವರು ನಮ್ಮ ಕೇರಿಯ ಹೆಂಗಸರು. ಅಷ್ಟು ಮಣ್ಣು ಹೊತ್ತ ನಮಗೆ ಸೊಂಟ ನೋಯಬೇಕಿತ್ತು, ಗೊತ್ತಿಲ್ಲದೆ ಆರಾಮವಾಗಿ ಓಡಾಡಿಕೊಂಡಿದ್ದೆವು.

ಈಗ ಡೆಲ್ಲಿಯಿಂದ ಯಾರೋ ನೋಡಲು ಬರುತ್ತಾರೆಂದು ಗೊತ್ತಾಗಿದ್ದೇ ತಡ, ಶನಿವಾರ ಮಾದು ಕೇರಿಗೆ ಬಂದ. ಮಾದು ನಮ್ಮವನೇ. ಬಾಯಲ್ಲಿ ಹಾಲು ಹಲ್ಲಿದ್ದಾಗ ಗಂಗಾಧರಸ್ವಾಮಿಯ ತಂದೆಯ ಮನೆಗೆ ಜೀತಕ್ಕೆ ಸೇರಿದವನು, ಈಗ ತಲೆ ಪೂರ್ತಿ ಬೆಳ್ಳಗಾಗಿದೆ.

“ಸೋಮಾರ ಎಂಗಸ್ರೆಲ್ಲ ಗುದ್ಲಿ ಮಂಕ್ರಿ ತಕ್ಕಂಡ್ ಕಾಲ್ವೆ ತಾವ್ಕ ಬರ್ಬೇಕಂತೆ. ಒಳ್ಳೆ ಸೀರೆ ಉಟ್ಕಬ್ಯಾಡಿ, ಅರ್ದಿರೋದ್ ಉಟ್ಕಳಿ ಅಂದವ್ರೆ.”

“ಇರೋದೇ ಅರ್ದಿರೋದು ಕಣ್ ಮಾದಣ್ಣ,” ಎಂದಳು ಚಲುವಮ್ಮ, “ಅದ್ಕೂ ಡೆಲ್ಲಿಯಿಂದ ಆರ್ಡರ್ ಬರ್ಬೇಕಾ?”

ಹಾಗೆ ಸೋಮವಾರ ಹೊತ್ತು ಹುಟ್ಟುವಾಗ ನಾವು ಕಾಲುವೆಯೊಳಗೆ ಇಳಿದಿದ್ದೆವು. ಮೊದಲು ಜೆಸಿಬಿಯ ಹಲ್ಲಿನ ಗುರುತು ಅಳಿಸಬೇಕಿತ್ತು. ಕಾಲುವೆಯ ಎರಡೂ ಕಡೆ ಉದ್ದಕ್ಕೆ ಬಾಚಿದ ಹಾಗೆ ಗೆರೆ ಬಿದ್ದಿತ್ತು. ಹೆಂಗಸರ ಗುದ್ದಲಿ ಹಾಗೆ ಗೆರೆ ಎಳೆಯುವುದಿಲ್ಲ. ಮಷಿನ್ನು ನುಣ್ಣಗೆ ಮಾಡಿದ್ದನ್ನು ಕೆಡಿಸಿ, ನಾವೇ ಮಾಡಿದಂತೆ ಒರಟಾಗಿಸುವುದು ಅಗೆಯುವುದಕ್ಕಿಂತ ಕಷ್ಟದ ಕೆಲಸ ಎಂದು ಆವತ್ತು ತಿಳಿಯಿತು. ನಮ್ಮ ಕೆಲಸವನ್ನು ಕಿತ್ತುಕೊಂಡ ಕಳ್ಳನ ಹೆಜ್ಜೆಯನ್ನು ನಾವೇ ಗುಡಿಸುತ್ತಿದ್ದೇವಲ್ಲಾ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.

ದಡದ ಮೇಲೆ ಅಷ್ಟರಲ್ಲಿ ಸರ್ಕಾರ ಹೇಳಿದ ಸೌಕರ್ಯಗಳೆಲ್ಲ ಟ್ರಾಕ್ಟರಿನಲ್ಲಿ ಬಂದಿಳಿದವು. ನೆರಳಿಗೆ ಮದುವೆ ಮನೆಯ ಶಾಮಿಯಾನ ಬಂತು. ಕೂಸುಗಳಿಗೆ ತೊಟ್ಟಿಲು ಬಂತು, ಅದರಲ್ಲಿ ಮಲಗಿಸಲು ನಮ್ಮ ಚಿನ್ನಮ್ಮನ ಮೊಮ್ಮಗಳನ್ನು ಎಬ್ಬಿಸಿಕೊಂಡು ಬಂದರು. ಗಾಯಕ್ಕೆ ಮದ್ದಿರುವ ಬಿಳಿ ಪೆಟ್ಟಿಗೆ ಆಸ್ಪತ್ರೆಯಿಂದ ಬಂತು. ಕುಡಿಯಲು ದೊಡ್ಡ ಬೀದಿಯ ಬೋರಿನ ನೀರು, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಕೊಡದಲ್ಲಿ. ನೀರು ತುಂಬಿ ತಂದವನು ವಾಟರ್‌ಮನ್ ಶಿವಸ್ವಾಮಿ, ದೊಡ್ಡ ಬೀದಿಯವನೇ. ನೀರು ಕೊಡಲು ಒಬ್ಬ ವಯಸ್ಸಾದ ಹೆಂಗಸು ಇರಬೇಕು, ಅದೂ ಕೇರಿಯವಳಾದರೆ ಡೆಲ್ಲಿಯವರಿಗೆ ಇನ್ನೂ ಹಿಡಿಸುತ್ತದೆ ಎಂದು ತಾಲ್ಲೂಕು ಸಾಹೇಬರು ಹೇಳಿದ್ದರಂತೆ. ಹಾಗಾಗಿ ನಮ್ಮತ್ತೆ. ನೀರು ಕೊಡುವವಳು ಎಂದು ಹೆಸರು, ಆದರೆ ಯಾರಿಗೂ ಕೊಡುವಂತಿಲ್ಲ, ತಾನೂ ಕುಡಿಯುವಂತಿಲ್ಲ.

ಬಿಸಿಲು ಏರುವಾಗ ಚಲುವಮ್ಮನ ಗುದ್ದಲಿ ಜಾರಿ ಅವಳದೇ ಪಾದಕ್ಕೆ ಬಿತ್ತು. ರಕ್ತ ಬುಳಬುಳನೆ ಬಂತು. ನಾನು ಅವಳನ್ನು ಎತ್ತಿ ದಡ ಹತ್ತಿಸಿ ಬಿಳಿ ಪೆಟ್ಟಿಗೆಗೆ ಕೈ ಹಾಕಿದೆ.

“ಏಯ್ ಏಯ್! ಮುಟ್ಬ್ಯಾಡಮ್ಮ ಅದ!” ಸೆಕ್ರೆಟರಿ ಓಡಿ ಬಂದ. “ಅದ್ರಲ್ಲಿರೋದ ಲೆಕ್ಕ ಮಾಡಿ ಕೊಟ್ಟವ್ರೆ, ಲೆಕ್ಕ ಮಾಡಿ ವಾಪಸ್ ಕೊಡ್ಬೇಕು.”

“ರಕ್ತ ಬತ್ತಾ ಅದಲ್ಲ ಸಾ.”

“ಬರ್ಲಿ, ಡೆಲ್ಲಿಯೋರ್ ಓದ್ಮೇಲೆ ನೋಡಣ. ಮಣ್ ಮೆತ್ತು, ನಿಂತೋಯ್ತದೆ.”

“ನಿನ್ನೆಂಡ್ರು ಎರ್ಗೆಗೆ ಕೂತಾಗ್ಲೂ ಮಣ್ಣೇ ಮೆತ್ತುದ್ಯೇನೋ ಮೂದೇವಿ?” ಎಂದಳು ಚಲುವಮ್ಮ. ಅವಳ ಬಾಯಿಗೆ ಊರೇ ಹೆದರುತ್ತದೆ. ಸೆಕ್ರೆಟರಿ ಕೇಳಿಸದವನಂತೆ ಪೆಟ್ಟಿಗೆಯನ್ನು ಇನ್ನೂ ಚೆನ್ನಾಗಿ ಕಾಣುವ ಕಡೆ ಎತ್ತಿಟ್ಟ. ನಾನು ನನ್ನ ಸೆರಗಿನ ಅಂಚು ಹರಿದು ಅವಳ ಪಾದಕ್ಕೆ ಸುತ್ತಿದೆ. ಒಳ್ಳೆಯ ಸೀರೆ ಉಡಬೇಡಿ ಎಂದದ್ದು ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು.

ಅತ್ತೆ ಇದನ್ನೆಲ್ಲ ಬೇರಿನ ಮೇಲೆ ಕೂತು ನೋಡುತ್ತಿದ್ದಳು. ಅವಳು ಅಲ್ಲಿಂದ ಮಿಸುಕದೆ ಇದ್ದುದಕ್ಕೆ ಕಾರಣವಿತ್ತು.

ಅತ್ತೆಗೆ ಗರ್ಭಕೋಶ ಜಾರಿತ್ತು. ಸಿದ್ದು ಹುಟ್ಟಿದ ಹನ್ನೊಂದನೆಯ ದಿನವೇ ಕಬ್ಬಿನ ಹೊರೆ ಹೊರಲು ಹೋದವಳು. ಆಗಿನಿಂದಲೇ ಶುರುವಾದದ್ದು, ಈಚೆಗೆ ಹೊರಗೇ ಬರುತ್ತಿತ್ತು. ಹಳೆಯ ಪಂಚೆಯನ್ನು ಮಡಿಸಿ ಲಂಗೋಟಿಯಂತೆ ಬಿಗಿದು ಕಟ್ಟಿಕೊಂಡು ನಡೆಯುತ್ತಿದ್ದಳು. ಮಗನಿಗೆ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ, ಆ ಬಟ್ಟೆ ಒಗೆಯುವಾಗ ಸಿಕ್ಕಿಬಿದ್ದಳು. ನರಸೀಪುರದ ಡಾಕ್ಟರಮ್ಮ ನೋಡಿ, ಇನ್ನು ತಡ ಮಾಡಿದರೆ ಕೊಳೆಯುತ್ತದೆ, ಆಪರೇಷನ್ ಆಗಲೇಬೇಕು, ಬಡವರಿಗೆ ಡೆಲ್ಲಿ ಸರ್ಕಾರದ ಆಸ್ಪತ್ರೆ ಕಾರ್ಡು ಕೊಟ್ಟಿದ್ದಾರಲ್ಲ, ಅದನ್ನು ಹಿಡಿದುಕೊಂಡು ಮೈಸೂರಿಗೆ ಹೋಗಿ, ಬಿಟ್ಟಿಯಾಗಿ ಮಾಡುತ್ತಾರೆ ಎಂದರು. ಕಾರ್ಡು ಕೊಟ್ಟಿದ್ದು ನಿಜ. ಸ್ಕೂಲಿನಲ್ಲಿ ಕೂರಿಸಿ ಬೆರಳು ಒತ್ತಿಸಿಕೊಂಡು ಫೋಟೋ ತೆಗೆದು, ಅಲ್ಲೇ ಬಿಸಿಬಿಸಿಯಾಗಿ ಕೈಗೆ ಕೊಟ್ಟಿದ್ದರು. ಸ್ಕೂಲಿನ ಗೇಟಿನಲ್ಲಿ ಗಂಗಾಧರಸ್ವಾಮಿ ನಿಂತಿದ್ದ. “ನಿಮ್ ಕೈಲಿದ್ರೆ ಕಳುದಾಕ್ತೀರಿ, ತತ್ತನ್ನಿ” ಎಂದು ಎಲ್ಲರ ಕಾರ್ಡನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡ. ನೂರು ದಿನದ ಕೂಲಿಯ ಲೆಕ್ಕ ಬರೆಯುವ ಕೆಲಸದ ಕಾರ್ಡುಗಳು ಮೊದಲೇ ಅವನ ಮನೆ ಬೀರುವಿನಲ್ಲಿದ್ದವು. ಅವುಗಳ ಜೊತೆಗೆ ಇವೂ ಸುರಕ್ಷಿತವಾಗಿ ಸೇರಿದವು.

ಹಿಂದಿನ ದಿನ ಸಂಜೆ ನಾನೂ ಅತ್ತೆಯೂ ಅವನ ಮನೆಯ ಮುಂದೆ ನಿಂತಿದ್ದೆವು. ಜಗಲಿಯ ಮೇಲೆ ಅವನೂ ದೊಡ್ಡ ಬೀದಿಯ ನಾಲ್ಕೈದು ಜನರೂ ಎಲೆಯಡಿಕೆ ಹಾಕುತ್ತಿದ್ದರು.

“ಆಸ್ಪತ್ರೆ ಕಾರ್ಡ್ ಕೊಡಿ ಬುದ್ದಿ. ಆಪ್ರೇಸನ್ ಆಗ್ಬೇಕಂತೆ.”

“ಏನ್ ಆಪ್ರೇಸನ್ನಮ್ಮಿ ನಿಂಗೆ?”

ಅತ್ತೆ ನೆಲ ನೋಡಿದಳು.

“ಯೋಳಮ್ಮಿ. ಕಾರಣ ಗೊತ್ತಿಲ್ದೆ ಸರ್ಕಾರದ್ ಕಾರ್ಡ ಎಂಗ್ ಕೊಡಕ್ಕಾದದು?”

“ಒಳ್ಗಿಂದು... ಜಾರದ ಬುದ್ದಿ.”

ಗಂಗಾಧರಸ್ವಾಮಿ, “ಈ ವಯಸ್ನಾಗೆ ಅದ್ನ ರಿಪೇರಿ ಮಾಡುಸ್ಕಂಡು ಏನ್ ಮಾಡೀಯಮ್ಮಿ?” ಎಂದ. ಜಗಲಿಯೆಲ್ಲ ಹೋ ಎಂದು ನಕ್ಕಿತು. ಒಬ್ಬನಿಗೆ ನಕ್ಕು ನಕ್ಕು ಅಡಿಕೆ ನೆತ್ತಿಗೆ ಹತ್ತಿತು. ಅವನು ಅಲ್ಲೇ ಸಾಯಬಾರದೇ ಎಂದು ನಾನು ಬೇಡಿಕೊಂಡೆ, ಸಾಯಲಿಲ್ಲ.

“ನಾಳೆ ಕೊಡದ್ ತಾವು ನೆಟ್ಗೆ ಕೂತ್ಕ,” ಎಂದ ನಗು ಮುಗಿಸಿ. “ಡೆಲ್ಲಿಯೋರು ಓದ್ಮೇಲೆ ಕೊಡ್ತೀನಿ.”

ಡೆಲ್ಲಿಯವರು ಹೋದ ಮೇಲೆ ಅವನು ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು ಎಂದು ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಬರಬೇಕಾದ ಡೆಲ್ಲಿಯವರು ಮಧ್ಯಾಹ್ನವಾದರೂ ಬರಲಿಲ್ಲ. ಸೋಮನಾಥಪುರದ ದೇವಸ್ಥಾನ ನೋಡುತ್ತಿದ್ದಾರೆ ಎಂದು ಫೋನು ಬಂತು. ಅಲ್ಲಿ ಕಲ್ಲಿನ ಹೆಂಗಸರು, ಇಲ್ಲಿ ನಾವು. ಅವರಿಗೆ ಬಾಯಾರುವುದಿಲ್ಲ ಎಂಬುದೊಂದೇ ವ್ಯತ್ಯಾಸ. ನಮಗೆ ಬೆಳಗಿನಿಂದ ಒಂದು ತೊಟ್ಟು ನೀರು ಕೊಟ್ಟಿರಲಿಲ್ಲ. ಕೊಡ ಪೂರ್ತಿ ತುಂಬಿದಂತೆಯೇ ಕಾಣಬೇಕಿತ್ತು.

ಕೊನೆಗೆ ಕಾರುಗಳು ಬಂದವು. ಕಾಲುವೆ ಕೆಲಸದ ವಿವರ ಬರೆದು ನೆಟ್ಟಿದ್ದ ಬೋರ್ಡಿನ ಹತ್ತಿರ ಗಂಗಾಧರಸ್ವಾಮಿ, ಸೆಕ್ರೆಟರಿ, ಶಿವಸ್ವಾಮಿ ಎಲ್ಲ ಹಾರ ಹಿಡಿದು ಸಾಲಾಗಿ ನಿಂತರು. ಅವರ ಲೆಕ್ಕದಲ್ಲಿ ಡೆಲ್ಲಿ ಮೇಡಂ ಮೊದಲು ಬೋರ್ಡು ಓದಬೇಕು, ಆಮೇಲೆ ಹಾರ, ಆಮೇಲೆ ಕಾಲುವೆ, ಕೊನೆಗೆ ದೂರದಿಂದ ನೀರಿನ ಕೊಡ. ಆದರೆ ಮೇಡಂ ಕಾರಿನಿಂದ ಇಳಿಯುವಾಗಲೇ ಬಿಸಿಲಿಗೆ ಬಾಡಿಹೋಗಿದ್ದಳು. ವಯಸ್ಸಾದವಳು, ನೂಲಿನ ಸೀರೆ, ಕೊರಳಲ್ಲಿ ಕ್ಯಾಮೆರಾ. ನೆರಳು ಕಂಡ ಕಡೆ ಕಾಲು ಎಳೆಯಿತೇನೋ, ಹಾರಗಳನ್ನು ದಾಟಿ ನೇರವಾಗಿ ಹುಣಸೆ ಮರದ ಕೆಳಗೆ ಬಂದು ಕೊಡದ ಹತ್ತಿರ ನಿಂತಳು. ತಾಲ್ಲೂಕು ಸಾಹೇಬರು ಹಿಂದೆಯೇ ಓಡಿ ಬಂದರು.

“ವಾಟರ್,” ಎಂದಳು ಅತ್ತೆಯನ್ನು ನೋಡಿ ನಗುತ್ತಾ. “ಪಾನಿ.”

ಅತ್ತೆ ಎದ್ದು ನಿಂತಳು. ಚೊಂಬನ್ನು ಕೆಳಗಿಟ್ಟಳು. ಆಮೇಲೆ ಮೊಣಕೈಗಳನ್ನು ಹತ್ತಿರಕ್ಕೆ ತಂದು, ಬಾಗಿ, ಎರಡೂ ಕೈ ಕೂಡಿಸಿ ಬಾಯಿಯ ಹತ್ತಿರ ಬೊಗಸೆ ಒಡ್ಡಿದಳು.

ಅತ್ತೆಯ ಬದುಕಿನಲ್ಲಿ ಅಂಥ ಸೀರೆ ಉಟ್ಟವರು ಅಂಥ ಕೊಡದ ಪಕ್ಕ ನಿಂತು ನೀರು ಎಂದರೆ ಅದು ಕೊಡುವ ಮಾತು, ಕೇಳುವ ಮಾತಲ್ಲ. ನೀರು ಕಂಡ ಕಡೆ ಅವಳ ಬೆನ್ನು ತಾನಾಗಿ ಬಾಗುತ್ತದೆ, ಕೈ ತಾನಾಗಿ ಬೊಗಸೆಯಾಗುತ್ತದೆ. ಬೆಳಗಿನಿಂದ ಬಾಯಾರಿ ಕೂತವಳು. ಅಂತೂ ಒಬ್ಬ ಪುಣ್ಯಾತ್ಮೆ ಬಂದು ನೀರು ಹುಯ್ಯುತ್ತಾಳೆ ಎಂದುಕೊಂಡಳು.

ಮೇಡಂಗೆ ಅದು ಬೇರೆಯಾಗಿಯೇ ಅರ್ಥವಾಯಿತು.

“ಓ! ಲೈಕ್ ದಿಸ್?” ಎಂದು ಅವಳೂ ಬಾಗಿ ಬೊಗಸೆ ಒಡ್ಡಿದಳು.

“ಯೆಸ್ ಮೇಡಂ,” ಎಂದರು ತಾಲ್ಲೂಕು ಸಾಹೇಬರು ಬೆವರು ಒರೆಸಿಕೊಳ್ಳುತ್ತಾ. “ಅವರ್ ಟ್ರೆಡಿಷನ್.”

ಮಧ್ಯೆ ತಾಮ್ರದ ಕೊಡ, ಆಚೆ ಡೆಲ್ಲಿ ಸರ್ಕಾರ, ಈಚೆ ನಮ್ಮತ್ತೆ, ಇಬ್ಬರೂ ಬೊಗಸೆ ಒಡ್ಡಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ಹುಯ್ಯುವವರು ಯಾರೂ ಇರಲಿಲ್ಲ. ಶಿವಸ್ವಾಮಿ ದೂರದಲ್ಲಿ ಹಾರ ಹಿಡಿದುಕೊಂಡಿದ್ದ. ಗಂಗಾಧರಸ್ವಾಮಿ ಕಣ್ಣಿನಲ್ಲೇ ನಮ್ಮನ್ನು ಸುಡುತ್ತಿದ್ದ, ಕೂಗುವಂತಿರಲಿಲ್ಲ.

“ಅತ್ತೆ,” ಎಂದೆ ನಾನು ಕಾಲುವೆಯೊಳಗಿನಿಂದ. “ಉಯ್ಯಿ. ಆಯಮ್ಮ ನಿನ್ನೇ ಕೇಳ್ತಾವ್ರೆ.”

“ನನ್ನಾ?”

“ಊಂ. ಉಯ್ಯಿ.”

ಅತ್ತೆ ತನ್ನ ಕೈಗಳನ್ನು ನೋಡಿಕೊಂಡಳು. ಗಂಗಾಧರಸ್ವಾಮಿಯನ್ನು ನೋಡಿದಳು. ಆಮೇಲೆ ಚೊಂಬು ಎತ್ತಿಕೊಂಡು ಕೊಡಕ್ಕೆ ಅದ್ದಿದಳು. ಮಣಿಕಟ್ಟಿನ ತನಕ ಕೈ ಒಳಗೆ ಹೋಯಿತು. ಬೇಕಾದದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿಟ್ಟಳು ಎಂದು ನನಗೆ ಅನ್ನಿಸಿತು. ಮೇಡಂ ಗಟಗಟ ಕುಡಿದು, ಮುಖಕ್ಕೂ ಎರಚಿಕೊಂಡು, “ಬ್ಯೂಟಿಫುಲ್” ಎಂದಳು. ಎಲ್ಲರೂ ಹೀಗೇ ಕುಡಿಯಬೇಕು, ಫೋಟೋ ತೆಗೆಯುತ್ತೇನೆ ಎಂದು ಕೈ ಬೀಸಿ ಕರೆದಳು.

ತಾಲ್ಲೂಕು ಸಾಹೇಬರು ಬಾಗಿ ಕುಡಿದರು. ನೀರು ಗಂಟಲಲ್ಲಿ ಇಳಿಯುವುದು ಹೊರಗಿನಿಂದಲೇ ಕಾಣುತ್ತಿತ್ತು. ಸೆಕ್ರೆಟರಿ ಬಾಗಿ ಕುಡಿದ, ಹೆಚ್ಚು ಅಂಗಿಯ ಮೇಲೆ ಚೆಲ್ಲಿಕೊಂಡ. ನಾವು ಕಾಲುವೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆವು. ಚಲುವಮ್ಮ ಕಾಲು ನೋವು ಮರೆತು ನನ್ನ ಭುಜ ಹಿಡಿದು ಕುಲುಕುತ್ತಿದ್ದಳು.

“ಪ್ರೆಸಿಡೆಂಟ್?” ಎಂದಳು ಮೇಡಂ.

ಪ್ರೆಸಿಡೆಂಟ್ ಮನೆಯಲ್ಲಿ ಸೋಮವಾರದ ಪೂಜೆಗೆ ಕೂತಿದ್ದಳು. ತಾಲ್ಲೂಕು ಸಾಹೇಬರು ಅವಳ ಗಂಡನನ್ನು ಮುಂದೆ ದಬ್ಬಿದರು. ಗಂಗಾಧರಸ್ವಾಮಿ ನಗುತ್ತಲೇ ಬಂದ. ಅಷ್ಟು ಜನರ ಮುಂದೆ ಒಲ್ಲೆ ಎನ್ನುವಂತಿಲ್ಲ, ಡೆಲ್ಲಿಯ ಕ್ಯಾಮೆರಾ ಕಣ್ಣು ಬಿಟ್ಟು ಕೂತಿದೆ. ಅತ್ತೆಯ ಮುಂದೆ ಬಾಗಿದ. ಬೊಗಸೆ ಒಡ್ಡಿದ. ಅತ್ತೆ ಚೊಂಬನ್ನು ಮೇಲೆತ್ತಿ ಓರೆ ಮಾಡಿದಳು. ನೀರು ಅಂಚಿಗೆ ಬಂತು. ಅಲ್ಲೇ ಕೈ ನಿಲ್ಲಿಸಿದಳು.

“ಕಾರ್ಡು, ಬುದ್ದಿ,” ಎಂದಳು ಮೆಲ್ಲಗೆ.

“ಉಯ್ಯೇ.”

“ಕಾರ್ಡ್ ತರ್ಸಿ.”

“ಮನೇಲದೆ, ಆಮೇಲ್ ಕೊಡ್ತೀನಿ. ಉಯ್ಯೇ ಮುಂಡೆ, ಮೇಡಂ ನೋಡ್ತಾವ್ಳೆ.”

“ನಾನೂ ನೋಡ್ತಾವ್ನಿ ಬುದ್ದಿ. ಎಲ್ಗೂ ಓಗಲ್ಲ ನಾನು.”

ಮೇಡಂ ಕ್ಯಾಮೆರಾದಿಂದ ತಲೆಯೆತ್ತಿ, ಆ ಅಜ್ಜಿ ಏನು ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಶೀರ್ವಾದ ಮಾಡುತ್ತಿದ್ದಾಳೆ ಎಂದರು ತಾಲ್ಲೂಕು ಸಾಹೇಬರು. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು. ಮೇಡಂಗೆ ಇನ್ನೂ ಖುಷಿಯಾಯಿತು. ಗಂಗಾಧರಸ್ವಾಮಿ ನೆಟ್ಟಗಾಗಲು ಹೋದಾಗ, “ನೋ ನೋ, ಪ್ಲೀಸ್” ಎಂದು ಮತ್ತೆ ಬಾಗಿಸಿದಳು. ಈ ಕಡೆಯಿಂದ ಒಂದು ತೆಗೆದಳು, ಆ ಕಡೆಯಿಂದ ಒಂದು ತೆಗೆದಳು. ಅವನ ಕತ್ತಿನ ನರ ಉಬ್ಬಿ ನಿಂತಿತ್ತು. ಕಡೆಗೆ ಬಾಗಿದ್ದಲ್ಲಿಂದಲೇ ಕೂಗಿದ.

“ಲೇ ಮಾದಾ! ಮನೆಗೋಗ್ಲಾ! ಬೀರ್ಲಿ ಈ ಮುಂಡೇದ್ ಕಾರ್ಡ್ ಅದೆ, ತತ್ತಾ ಬೇಗ!”

ಮನೆ ಅಲ್ಲೇ ಕಾಣುವಷ್ಟು ಹತ್ತಿರ. ಮಾದು ಓಡಿದ. ಆ ವಯಸ್ಸಿನಲ್ಲಿ ಅವನು ಹಾಗೆ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಮೇಡಂ ಅಷ್ಟರಲ್ಲಿ ತೊಟ್ಟಿಲಿನ ಕೂಸಿನದೊಂದು, ಬಿಳಿ ಪೆಟ್ಟಿಗೆಯದೊಂದು ಫೋಟೋ ತೆಗೆದಳು. ಪೆಟ್ಟಿಗೆ ಬಹಳ ಚೆನ್ನಾಗಿದೆ ಎಂದು ಸೆಕ್ರೆಟರಿಯ ಕೈ ಕುಲುಕಿದಳು. ಕಾಲುವೆಯಲ್ಲಿ ನನ್ನ ಪಕ್ಕ ನಿಂತಿದ್ದ ಚಲುವಮ್ಮನ ಪಾದದ ಬಟ್ಟೆ ಕೆಂಪಾಗಿತ್ತು, ಅದು ಕ್ಯಾಮೆರಾಕ್ಕೆ ಬೀಳಲಿಲ್ಲ. ಅತ್ತೆ ಚೊಂಬು ಇಳಿಸಲಿಲ್ಲ.

ಮಾದು ಬಂದ. ತಲೆಯ ಮೇಲೆ ಒಂದು ಗೊಬ್ಬರದ ಚೀಲ. ಅದನ್ನು ಮರದ ಕೆಳಗೆ ದೊಪ್ಪನೆ ಇಳಿಸಿದ. ಬಾಯಿ ಬಿಚ್ಚಿ ಕಾರ್ಡುಗಳು ನೆಲಕ್ಕೆ ಚೆಲ್ಲಿಕೊಂಡವು. ಆಸ್ಪತ್ರೆಯವು, ಕೆಲಸದವು, ಇಡೀ ಕೇರಿಯವು.

“ಏನ್ಲಾ ಇದು ಬಡ್ಡೆತ್ತದೇ! ಒಂದ್ ತತ್ತಾ ಅಂದ್ರೆ!”

“ನಂಗೇನ್ ಓದಕ್ ಬತ್ತದಾ ಬುದ್ದಿ?” ಎಂದ ಮಾದು ಏದುಸಿರು ಬಿಡುತ್ತಾ. “ಒಸ್ಲು ದಾಟಿ ಬೀರು ತಾವ್ಕ್ ಓಗಕ್ಕಾದದಾ? ಆಚೆ ನಿಂತ್ಕಂಡ್ ಕೂಗ್ದಿ. ಅವ್ವಾರು ಪೂಜೇಲಿದ್ರು. ನಮ್ಮೋರ್ ಕಾರ್ಡು, ಮುಟ್ಟಿ ಯಾವ್ದು ಅಂತ ಉಡುಕ್ತಾ ಕೂತ್ಕಳಕ್ಕಾದದಾ ಅವ್ರು? ಕೋಲಲ್ಲಿ ಚೀಲಾನೇ ಆಚ್ಗೆ ತಳ್ಳುದ್ರು. ತಕ್ಕ ಬಂದಿ.”

ಅವನ ಮುಖ ನೋಡಿದರೆ ನಿಜ ಹೇಳುತ್ತಿದ್ದ. ಕಣ್ಣು ನೋಡಿದರೆ ನಗುತ್ತಿದ್ದ. ಈವತ್ತಿಗೂ ನನಗೆ ಯಾವುದೆಂದು ಗೊತ್ತಿಲ್ಲ.

ಹೆಂಗಸರು ಕಾಲುವೆಯಿಂದ ಹತ್ತಿ ಬಂದರು. ಕೂತು ಕೆದಕಿದರು. ಓದು ಬಾರದವರು ಫೋಟೋ ನೋಡಿ ತಮ್ಮದನ್ನು ಹುಡುಕಿಕೊಂಡರು, ಕೆಲವರದನ್ನು ನಾನು ಓದಿ ಕೊಟ್ಟೆ. ಮೇಡಂ ಇದನ್ನು ಕಾರ್ಡು ಹಂಚುವ ಸಮಾರಂಭ ಎಂದುಕೊಂಡು ಚಪ್ಪಾಳೆ ತಟ್ಟಿದಳು. ತಾಲ್ಲೂಕು ಸಾಹೇಬರೂ ತಟ್ಟಿದರು. ಗಂಗಾಧರಸ್ವಾಮಿ ಬೊಗಸೆ ಒಡ್ಡಿಕೊಂಡೇ ನಗಬೇಕಾಯಿತು. ನಾನು ಅತ್ತೆಯ ಕಾರ್ಡನ್ನು ಅವಳ ಮುಖದ ಮುಂದೆ ಹಿಡಿದೆ. ಅವಳು ತನ್ನ ಫೋಟೋ ನೋಡಿದಳು.

“ನಾನೇನಾ ಇದು?”

“ನೀನೇ ಕಣತ್ತೆ.”

ಎಡಗೈಯಲ್ಲಿ ಕಾರ್ಡು ತೆಗೆದುಕೊಂಡಳು. ಬಲಗೈಯಲ್ಲಿ ನೀರು ಹುಯ್ದಳು. ಗಂಗಾಧರಸ್ವಾಮಿ ಕುಡಿದ. ಅರ್ಧಕ್ಕೆ ಸಾಕು ಎಂದು ತಲೆಯಾಡಿಸಿದ, ಅವಳು ನಿಲ್ಲಿಸಲಿಲ್ಲ. ಚೊಂಬು ಖಾಲಿಯಾಗುವ ತನಕ ಹುಯ್ದಳು.

ಮೇಡಂ, ತಾಲ್ಲೂಕು ಸಾಹೇಬರು ಕಾರು ಹತ್ತಿ ಹೊರಟರು, ಹಿಂದೆ ಧೂಳು ಎದ್ದಿತು. ಅಡಗಿದ ಮೇಲೆ ಗಂಗಾಧರಸ್ವಾಮಿ ಕ್ಯಾಕರಿಸಿ ಉಗಿದ. ಬಾಯಿ ಮುಕ್ಕಳಿಸಲು ನೀರು ಹುಡುಕಿದ. ಇದ್ದದ್ದು ಅದೇ ಕೊಡ. ಒಣ ಬಾಯಲ್ಲೇ ಮತ್ತೆ ಮತ್ತೆ ಉಗಿದ.

“ಆಕ್ರೇ ಕಾರ್ಡ್ಗಳ್ನ ಚೀಲಕ್ಕೆ! ಲೌಡೀರಾ! ಒಬ್ಳು ಅತ್ಲಾಗ್ ಓಗ್ಕೂಡ್ದು!”

ಮೊದಲು ಚಲುವಮ್ಮ ತನ್ನ ಕಾರ್ಡನ್ನು ರವಕೆಯೊಳಗೆ ಇಳಿಸಿದಳು. ಅವಳನ್ನು ನೋಡಿ ಚಿನ್ನಮ್ಮ. ಆಮೇಲೆ ನಾನು. ಆಮೇಲೆ ಎಲ್ಲರೂ.

“ನೋಡ್ತಾ ನಿಂತಿದ್ದೀಯಲ್ಲೋ ಶಿವಸ್ವಾಮಿ, ಕಿತ್ಕಳೋ!”

ಶಿವಸ್ವಾಮಿ ತನ್ನ ಕೈಗಳನ್ನು ನೋಡಿಕೊಂಡ. ನಮ್ಮನ್ನು ನೋಡಿದ. ದೊಡ್ಡ ಬೀದಿಯ ಇನ್ನೂ ಹತ್ತು ಜನ ಅಲ್ಲಿದ್ದರು, ಯಾರೂ ಕಾಲು ಮುಂದಿಡಲಿಲ್ಲ. ಕತ್ತಲೆಯಲ್ಲಿ ನಮ್ಮನ್ನು ಮುಟ್ಟಿದ ಕೈಗಳು ಆ ಗುಂಪಿನಲ್ಲಿ ಯಾರ್‍ಯಾರವು ಎಂದು ಕೇರಿಗೆ ಗೊತ್ತು. ಆದರೆ ಇದು ನಡುಹಗಲು. ಒಬ್ಬರ ಎದುರಿಗೆ ಒಬ್ಬರಿದ್ದರು.

“ಲೇ ಮಾದ, ನೀನಾರ ಕಿತ್ಕಳ್ಲಾ!”

“ಎಂಗಸ್ರ ರವ್ಕೆಗೆ ನಾ ಎಂಗ್ ಕೈ ಆಕ್ಲಿ ಬುದ್ದಿ? ನಮ್ ಅಕ್ಕತಂಗೀರು.”

ಗಂಗಾಧರಸ್ವಾಮಿ ತಾನೇ ಅತ್ತೆಯ ಮುಂದೆ ಬಂದು ನಿಂತ. “ನಿನ್ದೆಲ್ಲೇ?”

ಅತ್ತೆ ಕಾರ್ಡನ್ನು ರವಕೆಗೆ ಹಾಕಿಕೊಂಡಿರಲಿಲ್ಲ. ಆ ಕಡೆ ತಿರುಗಿ ಸೀರೆ ಸಡಿಲಿಸಿ, ಕೆಳಗೆ ಬಿಗಿದು ಕಟ್ಟಿದ್ದ ಪಂಚೆಯ ಮಡಿಕೆಗೆ ಸೇರಿಸಿದ್ದಳು. ಈಗ ಕೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟು ತೋರಿಸಿದಳು.

“ಇಲ್ಲದ ಬುದ್ದಿ. ನೆನ್ನೆ ನಗಾಡುದ್ರಲ್ಲ, ಅಲ್ಲೇ ಅದ. ಮುಟ್ಟಿ ತಕ್ಕಳಿ.”

ಅವನು ನಿಂತೇ ಇದ್ದ. ಮುಖ ಇದ್ದಿಲಾಗಿತ್ತು.

“ಬನ್ನಿ. ಎಲ್ರೂ ನೋಡ್ಲಿ. ಮುಟ್ಟಿ ತಕ್ಕಳಿ.”

ಅವನು ಹಿಂದಕ್ಕೆ ಸರಿದ. “ನಾಳೆಯಿಂದ ನಮ್ ಒಲಕ್ಕೆ, ನಮ್ ಬೀದಿಗೆ ಯಾವಳ್ ಕಾಲಿಕ್ಕೀಳು ನೋಡ್ತೀನಿ. ಒಂದ್ ಕಾಳು ಕೂಲಿ ಉಟ್ಟುದ್ರೆ ನನ್ನೆಸ್ರು ಗಂಗಾದರ್‌ಸಾಮಿ ಅಲ್ಲ,” ಎಂದ. ಅದು ಬರೀ ಬೆದರಿಕೆ ಅಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವನು ಪಂಚೆ ಎತ್ತಿ ಕಟ್ಟಿಕೊಂಡು ಊರ ಕಡೆ ನಡೆದ, ಉಳಿದವರೂ ಹಿಂದೆ ಹೋದರು. ಬಿಳಿ ಪೆಟ್ಟಿಗೆಯನ್ನು ಸೆಕ್ರೆಟರಿ ಮರೆಯದೆ ಎತ್ತಿಕೊಂಡ. ತಾಮ್ರದ ಕೊಡ ಅಲ್ಲೇ ಉಳಿಯಿತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

“ಕೋಮಲಿ,” ಎಂದಳು ಅತ್ತೆ, “ಮೈಸೂರ್ ಬಸ್ ಎಷ್ಟೊತ್ಗೆ?”

“ಇನ್ನೇನ್ ಬತ್ತದೆ. ಮನೆಗೋಗಿ ಸೀರೆ ಉಟ್ಕಂಡ್ ಓಗಣ ಕಣತ್ತೆ, ನಾಳೆ. ನಿನ್ ಮಗಂಗೂ ಒಂದ್ ಮಾತ್ ತಿಳ್ಸಿ...”

“ನಾಳೆ ಅನ್ಬ್ಯಾಡ. ಇಂಗೇ ಓಗದು.”

ಕೊಡದ ಹತ್ತಿರ ಬಂದು ಚೊಂಬು ಅದ್ದಿದಳು. ಮೊದಲು ಚಲುವಮ್ಮನ ಪಾದದ ಬಟ್ಟೆ ಬಿಚ್ಚಿ ಗಾಯ ತೊಳೆದಳು. ಮತ್ತೆ ಅದ್ದಿದಳು. ಈ ಸಲ ಬಾಗಲಿಲ್ಲ, ಬೊಗಸೆ ಒಡ್ಡಲಿಲ್ಲ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಅಂಚನ್ನು ತುಟಿಯಲ್ಲಿ ಕಚ್ಚಿಕೊಂಡು, ಕತ್ತು ಮೇಲೆತ್ತಿ ಕುಡಿದಳು. ಕುಡಿದು ಮುಗಿಸಿ, ಎಂಜಲು ಚೊಂಬನ್ನು ಆ ಕೊಡದ ಬಾಯಿಯ ಮೇಲೆ ಬೋರಲು ಹಾಕಿ, ಕಿಬ್ಬೊಟ್ಟೆ ಹಿಡಿದುಕೊಂಡು ರಸ್ತೆಯ ಕಡೆ ಹೊರಟಳು.